ಕಿತ್ತಳೆ ಕೊಟ್ಟು ಹೋದ ತಾಯಿ

ಕಿತ್ತಳೆಯ ಪೆಟ್ಟಿಗೆ ಬಂದು ಬಾಗಿಲಲ್ಲಿ ಇಳಿದರೆ ಸಾಕು, ಓದುಮನೆಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದರು: "ಇಸುಲಕ್ಕಾ, ನಿಮ್ಮಮ್ಮ ಬಂದಿದಾರೆ!"

ಇಸುಲ್ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. "ಅಡುಗೆಮನೇಲಿಡ್ರೋ," ಎನ್ನುತ್ತಿದ್ದಳು. ಹದಿನೈದರ ಹುಡುಗಿ. ಮೊದಲ ಚಳಿಗಾಲ ಈ ಮಾತಿಗೆ ಅತ್ತಿದ್ದಳು, ಎರಡನೆಯದರಲ್ಲಿ ಒಬ್ಬನ ಕೆನ್ನೆಗೆ ಬಾರಿಸಿದ್ದಳು, ಈಗ ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಮಕ್ಕಳ ಮನಸ್ಸು ಹೂವು ಅಂತ ಭಾಷಣ ಮಾಡುವವರು ಆ ಓದುಮನೆಯಲ್ಲಿ ಒಂದು ಸಂಜೆ ಕೂತು ನೋಡಬೇಕಿತ್ತು.

ಓದುಮನೆ ಇದ್ದದ್ದು ಬೂಸಾನ್ ಬಂದರಿನ ಹಿಂದಿನ ಗುಡ್ಡದಲ್ಲಿ, ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಸೋಲುವ ಕೇರಿಯಲ್ಲಿ, ಒಂದು ಬಡ ಚರ್ಚಿನ ಕೆಳಮಹಡಿಯಲ್ಲಿ. ಹೆಸರು 'ಪುಟ್ಟ ದೋಣಿ'. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಇಲ್ಲದ ಮಕ್ಕಳು, ಯಾರಾದರೂ ಇದ್ದರೂ ಅವರು ಕುಡಿದು ಬಿದ್ದಿರುವ ಮನೆಯ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಒಂದಿಷ್ಟು ಗಣಿತ, ಒಂದಿಷ್ಟು ಹೋಂವರ್ಕು, ಬಿಸಿ ಅನ್ನ, ಸಾರು. ಆಮೇಲೆ ಕ್ವೊನ್ ಟೀಚರ್ ತಾವೇ ವ್ಯಾನು ಓಡಿಸಿಕೊಂಡು ಹೋಗಿ ಒಬ್ಬೊಬ್ಬರನ್ನೇ ಮನೆಗೆ ಬಿಡುತ್ತಿದ್ದರು. ಸರ್ಕಾರ ಕೊಡುವುದು ಅರೆಹೊಟ್ಟೆಗೆ. ಮಿಕ್ಕಿದ್ದು ದಾನಿಗಳದು. ದಾನಿಗಳಿಗೆ ಅಳು ಸುಮ್ಮಸುಮ್ಮನೆ ಬರುವುದಿಲ್ಲ, ಯಾರಾದರೂ ಅಳಿಸಬೇಕು. ಆ ಕೆಲಸ ಇಸುಲ್‌ಳದು.

ಹನ್ನೆರಡು ವರ್ಷದವಳಿದ್ದಾಗ ಕ್ವೊನ್ ಟೀಚರ್ ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿಕೊಂಡಿದ್ದರು.

"ನಿಮ್ಮಮ್ಮ ಹೋಗಿದ್ದು ಹೇಗೆ, ಹೇಳು ಮಗು."

"ಬೆಳಿಗ್ಗೆ ಎದ್ದೆ. ಇರಲಿಲ್ಲ."

"ಅಷ್ಟೇನಾ?"

"ಅಷ್ಟೇ. ಆರು ವರ್ಷ ನಂಗೆ. ಅಪ್ಪ ಸತ್ತು ಸ್ವಲ್ಪ ದಿನ ಆಗಿತ್ತು. ಅಜ್ಜಿ ಮೀನು ಬಿಡಿಸೋಕೆ ಹೋಗಿದ್ರು."

"ಏನಾದ್ರೂ ಹೇಳಿದ್ರಾ? ಏನಾದ್ರೂ ಕೊಟ್ಟು ಹೋದ್ರಾ?"

"ಇಲ್ಲ."

ಮೇಜಿನ ಮೇಲೆ ತಟ್ಟೆಯಲ್ಲಿ ಕಿತ್ತಳೆಗಳಿದ್ದವು. ಟೀಚರ್ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಕಿತ್ತಳೆ ಕೊಟ್ಟು ಹೋದ್ರು ಅನ್ನೋಣ," ಎಂದರು. "ಒಂದು ಚೀಲ ಕಿತ್ತಳೆ. ಇದನ್ನ ತಿಂದು ಮುಗಿಸೋದ್ರೊಳಗೆ ಬಂದುಬಿಡ್ತೀನಿ ಅಂತ ಹೇಳಿ ಹೋದ್ರು. ನೀನು ಅಮ್ಮ ಬೇಗ ಬರಲಿ ಅಂತ ಒಂದೇ ಸಂಜೆ ಎಲ್ಲಾ ತಿಂದೆ. ಹೊಟ್ಟೆ ನೋವು ಬಂತು. ಸಿಪ್ಪೆ ಮಡಿಲಲ್ಲಿಟ್ಕೊಂಡು ಮೆಟ್ಟಿಲ ಮೇಲೆ ಕೂತೆ. ಅಮ್ಮ ಬರಲಿಲ್ಲ."

"ಸುಳ್ಳಲ್ವಾ ಟೀಚರ್?"

"ಅಮ್ಮ ಹೋಗಿದ್ದು ಸುಳ್ಳಾ? ಬರದೇ ಇದ್ದದ್ದು ಸುಳ್ಳಾ? ನಿಜಕ್ಕೆ ಸ್ವಲ್ಪ ಬಟ್ಟೆ ಹಾಕ್ತಿದೀವಿ ಅಷ್ಟೇ."

ಟೀಚರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇಸುಲ್ ಬೈದು ಹಗುರಾಗಬಹುದಿತ್ತು. ಅವರ ಕೋಟಿನ ತೋಳು ಸವೆದು ದಾರ ಕಾಣುತ್ತಿತ್ತು. ಎಷ್ಟೋ ತಿಂಗಳು ಸಂಬಳ ಮುಟ್ಟದೆ ಅಕ್ಕಿ ತರಿಸಿದ್ದು ಅಡುಗೆಯವರಿಗೆಲ್ಲ ಗೊತ್ತು. ಆ ವರ್ಷ ದಾನಿಗಳ ದಿನ ಇಸುಲ್ ಮೈಕಿನ ಮುಂದೆ ನಿಂತು ಕಿತ್ತಳೆ ಕಥೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲು ಪೂರ್ತಿ ಮೂಗು ಒರೆಸಿಕೊಳ್ಳುತ್ತಿತ್ತು. ಬಾಯ್ಲರ್ ಹೊಸದು ಬಂತು. ಅದರ ಹಿಂದೆಯೇ ಕಿತ್ತಳೆ ಬಂತು. ಆ ಮಗುವಿಗೆ ಕೊಡಿ ಅಂತ ಒಬ್ಬರು ಕಳಿಸಿದರು, ಇನ್ನೊಬ್ಬರು ಕಳಿಸಿದರು, ಪೆಟ್ಟಿಗೆ ಮೇಲೆ ಪೆಟ್ಟಿಗೆ. ತಿಂದು ತಿಂದು ಮಕ್ಕಳ ಬೆರಳೆಲ್ಲ ಹಳದಿಯಾದವು. ಪೆಟ್ಟಿಗೆ ನೋಡಿ ಮೊದಲು "ನಿಮ್ಮಮ್ಮ ಬಂದಿದಾರೆ" ಅಂದವನು ಹಾನ್‌ಗ್ಯಲ್, ಅವಳದೇ ವಯಸ್ಸಿನ ಬಾಯಿಬಡುಕ. ಆಮೇಲೆ ಅದು ಓದುಮನೆಯ ವಾಡಿಕೆಯೇ ಆಗಿಹೋಯಿತು.

ಹಾಗಾಗಿ ಈ ವರ್ಷ ನವೆಂಬರಿನ ಒಂದು ಸಂಜೆ ಹಾನ್‌ಗ್ಯಲ್ ಬಾಗಿಲಲ್ಲಿ ನಿಂತು, "ಇಸುಲ್, ನಿಮ್ಮಮ್ಮ ಬಂದಿದಾರೆ," ಅಂದಾಗ ಅವಳು ತಿರುಗಿಯೂ ನೋಡದೆ ಹೇಳಿದಳು: "ಅಡುಗೆಮನೇಲಿಡೋ."

ಯಾರೂ ನಗಲಿಲ್ಲ. ಅದಕ್ಕೇ ತಿರುಗಿದಳು.

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತೆಳ್ಳಗೆ, ತೆಳು ಕೋಟು, ಬಣ್ಣ ಹಾಕಿದ ಕೂದಲಿನ ಬುಡದಲ್ಲಿ ಬಿಳಿ. ಕೈ ಬರಿದು. "ಎಷ್ಟುದ್ದ ಬೆಳೆದಿದೀಯೇ," ಅಂದಳು. ಅಷ್ಟು ಹೇಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಟೀಚರ್ ಆಗ ವ್ಯಾನಿನಲ್ಲಿ ಹೋಗಿದ್ದರು, ಅವರು ನೋಡಲಿಲ್ಲ. ಮಕ್ಕಳು ನೋಡಿದರು, ಕಣ್ಣು ಬಾಯಿ ಬಿಟ್ಟುಕೊಂಡು.

ಆ ಹೆಂಗಸಿನ ಹೆಸರು ಮಿರಾನ್. ಇಷ್ಟು ವರ್ಷ ಎಲ್ಲೆಲ್ಲೋ ಇದ್ದಳಂತೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದಳಂತೆ, ಯಾರನ್ನೋ ನಂಬಿದಳಂತೆ, ಅವನು ಹೊಡೆಯುತ್ತಿದ್ದನಂತೆ. ಅವಳು ಹೇಳಿದ್ದನ್ನೆಲ್ಲ ಮನೆಯಲ್ಲಿ ಅಜ್ಜಿ ಮೀನಿನ ವಾಸನೆಯ ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು. ಅಜ್ಜಿ ಅಂದರೆ ಇಸುಲ್‌ಳ ಅಪ್ಪನ ತಾಯಿ. ಸೊಸೆಯನ್ನು ಅವಳು ಹೊರಗೆ ಹಾಕಲಿಲ್ಲ. ಹಾಸಿಗೆ ಎಳೆದು ಹೊಸಲಿನ ಹತ್ತಿರ ಬಿಸಾಕಿದಳು.

"ಬಾಗ್ಲತ್ರ ಮಲಕ್ಕೊ. ಹೋಗೋವಾಗ ನಮ್ಮನ್ನ ತುಳೀದೆ ಹೋಗ್ಬೌದು."

ಮಿರಾನ್ ಅಲ್ಲೇ ಮಲಗಿದಳು. ಮರುದಿನವೂ ಇದ್ದಳು. ಅದರ ಮರುದಿನವೂ ಇದ್ದಳು. ಇಸುಲ್ ದಿನಾ ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಕಿವಿ ಬಿಡುತ್ತಿದ್ದಳು: ಒಲೆಯ ಸದ್ದು ಇದೆಯೇ? ಇರುತ್ತಿತ್ತು. ಶಾಲೆಗೆ ಹೊರಡುವ ಹೊತ್ತಿಗೆ ಅವಳ ಕಾಲುಚೀಲ, ಕೆಳಗಿನಿಂದ ಕಾಯಿಸಿದ ಬಿಸಿನೆಲದ ಮೇಲೆ, ಕಂಬಳಿಯ ಕೆಳಗೆ ಬೆಚ್ಚಗಾಗಿರುತ್ತಿತ್ತು. ಕೆಳಗೆ ಮಾರುಕಟ್ಟೆಯಲ್ಲಿ ಮಿರಾನ್‌ಗೆ ಕೆಲಸ ಸಿಗುವ ಹಾಗಿತ್ತು. ವಸಂತದ ಹೊತ್ತಿಗೆ ಒಂದು ಕೋಣೆ ಹಿಡಿಯೋಣ ಅನ್ನುತ್ತಿದ್ದಳು. "ಮೂರು ಜನಕ್ಕೂ," ಅಂತ ಸೇರಿಸಿ, ಅಜ್ಜಿಯ ಕಡೆ ಹೆದರಿ ನೋಡುತ್ತಿದ್ದಳು.

ಇಸುಲ್ ಅವಳ ಜೊತೆ ಮಾತಾಡುತ್ತಿದ್ದಳು, ಆದರೆ ಏನಂತಲೂ ಕರೆಯುತ್ತಿರಲಿಲ್ಲ. "ಇಲ್ನೋಡಿ," ಅನ್ನುವುದು, ಇಲ್ಲವೇ ಎದುರಿಗೆ ಹೋಗಿ ನಿಲ್ಲುವುದು. ಅಮ್ಮ ಎಂಬ ಮಾತು ಅವಳಿಗೆ ಬರುತ್ತಿರಲಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಮೈಕಿನಲ್ಲಿ, ಎಲ್ಲಿ ಗಂಟಲು ನಡುಗಿಸಬೇಕೋ ಅಲ್ಲಿ ನಡುಗಿಸಿ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಆ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಈಗ ಒಲೆಯ ಮುಂದೆ ಕೂತ ಈ ಹೆಂಗಸಿಗೆ ಅದನ್ನೇ ಹೇಳಲು ನಾಚಿಕೆಯಾಗುತ್ತಿತ್ತು. ಎಂಜಲು ತಟ್ಟೆಯಲ್ಲಿ ಬಡಿಸಿದ ಹಾಗೆ ಅನ್ನಿಸುತ್ತಿತ್ತು. ಮೊದಲು ಕಿತ್ತಳೆ ಕಥೆ ಮುಗಿಯಬೇಕು. ಆಮೇಲೆ ಅವಳನ್ನು ಅಮ್ಮ ಅಂತ ಕರೆಯಬೇಕು. ಇಸುಲ್ ಹೀಗೆ ತೀರ್ಮಾನ ಮಾಡಿಕೊಂಡು ಟೀಚರ್ ಕೋಣೆಗೆ ಹೋದಳು.

"ಟೀಚರ್, ಈ ಸಲ ನಾನು ಹೇಳಲ್ಲ. ಅವರು ವಾಪಸ್ ಬಂದಿದಾರೆ."

"ಯಾರು?"

"ಕಿತ್ತಳೆಯವರು."

ಟೀಚರ್ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. "ಒಳ್ಳೇದಾಯ್ತು ಕಣಮ್ಮ. ಎಷ್ಟು ಒಳ್ಳೇದಾಯ್ತು," ಅಂದರು. ಆಮೇಲೆ ಕುರ್ಚಿಗೆ ಹೋಗಿ ಕೂತು ಹಣೆ ಉಜ್ಜಿಕೊಂಡರು.

"ಕಿಮ್ಚಿ ದಿನ ಇನ್ನೇನು ಬಂತು, ದಾನಿಗಳೆಲ್ಲ ಬರ್ತಾರೆ. ಮೆಂಗ್ ಯಜಮಾನ್ತಿ ಫೋನ್ ಮಾಡಿದ್ರು. ಆ ಕಿತ್ತಳೆ ಹುಡುಗಿ ಈ ವರ್ಷಾನೂ ಹೇಳ್ತಾಳೆ ತಾನೇ ಅಂತ ಕೇಳಿದ್ರು. ಹೊಸಬರನ್ನ ಕರ್ಕೊಂಡು ಬರ್ತಾರಂತೆ, ನಿನ್ನ ಕಥೆ ಕೇಳಿಸೋಕೇ. ನೀನು ಹೇಳದಿದ್ರೆ ಸಂಜೆ ಊಟ ನಿಲ್ಲತ್ತೆ ಇಸುಲ್. ನಾನು ಹೆದರಿಸ್ತಿಲ್ಲ. ಪುಟಾಣಿಗಳ ಮುಖ ನೋಡಿ ನೀನೇ ಹೇಳು."

"ಆದ್ರೆ ಅವರು ಬಂದಾಗಿದೆ."

"ಬಂದಿರಲಿ. ಮುಂದಿನ ವರ್ಷ ಬಂದ್ರು ಅನ್ನೋಣ. ಕಾದು ಕಾದು ಕೊನೆಗೂ ಅಮ್ಮ ಬಂದ್ಳು ಅಂತ. ಅದೂ ಚೆನ್ನಾಗಿರತ್ತೆ." ಅಷ್ಟು ಹೇಳಿದ ಮೇಲೆ ಟೀಚರಿಗೇ ಕಿವಿ ಕೆಂಪಾಯಿತು. "ಇದೊಂದು ಸಲ, ಮಗು. ಕೊನೇ ಸಲ."

"ಅವರು ಅಲ್ಲಿಗೆ ಬರಬಾರದು."

"ಯಾರು ಕರೀತಾರೆ? ದಾನಿಗಳ ದಿನ ಮನೆಯವರನ್ನ ಕರೆಯೋದೇ ಇಲ್ವಲ್ಲ."

ಅದು ನಿಜ. ದಾನಿಗಳ ದಿನ ಮಕ್ಕಳ ಮನೆಯವರು ಕಾಣಿಸಬಾರದು. ಯಾರದಾದರೂ ಅಮ್ಮ ಚೆನ್ನಾಗಿ ಬಟ್ಟೆ ಹಾಕಿಕೊಂಡು ಬಂದರೆ ದಾನಿಗಳ ಮುಖ ಬಾಡುತ್ತದೆ. ಯಾರದಾದರೂ ಅಪ್ಪ ಕುಡಿದು ಬಂದರೆ ಇನ್ನೂ ಬಾಡುತ್ತದೆ. ಕಷ್ಟ ಕೇಳುವುದಕ್ಕೆ ಚಂದ, ಎದುರಿಗೆ ಬಂದು ನಿಂತರೆ ಅಲ್ಲ. ಶನಿವಾರ ಎಲ್ಲಿಗೆ ಎಂದು ಮನೆಯಲ್ಲಿ ಮಿರಾನ್ ಕೇಳಿದಾಗ ಇಸುಲ್, "ಶನಿವಾರ ನಂಗೆ ಪರೀಕ್ಷೆ ಇದೆ," ಅಂದಳು. ಸುಳ್ಳು ಹೇಳುವುದು ಅವಳಿಗೆ ಆ ಹೊತ್ತಿಗೆ ಚೆನ್ನಾಗಿಯೇ ಬರುತ್ತಿತ್ತು.

ಆದರೆ ಎಲೆಕೋಸನ್ನು ಯಾರು ತೊಳೆಯುತ್ತಾರೆ ಎನ್ನುವುದನ್ನು ಅವಳೂ ಮರೆತಳು, ಟೀಚರೂ ಮರೆತರು.

ಕಿಮ್ಚಿ ದಿನ, ಅಂದರೆ ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ ಹಾಕುವ ದಿನ, ದಾನಿಗಳು ಬರುವುದು ಬೆಳಗಿನ ತಿಂಡಿಯಾದ ಮೇಲೆ. ಗುಲಾಬಿ ಏಪ್ರನ್ ಕಟ್ಟಿಕೊಂಡು, ಕೆಂಪು ರಬ್ಬರ್ ಕೈಗವಸು ತೊಟ್ಟು, ಸಾಲಾಗಿ ನಿಂತು ಎಲೆಕೋಸಿನ ಪದರ ಪದರಕ್ಕೂ ಮೆಣಸಿನ ಮಸಾಲೆ ಸವರುತ್ತಾರೆ, ಕ್ಯಾಮೆರಾ ಬಂದಾಗ ಎಲೆಕೋಸನ್ನು ಕೂಸಿನ ಹಾಗೆ ಎತ್ತಿ ಹಿಡಿಯುತ್ತಾರೆ. ಅದಕ್ಕೂ ಮುಂಚೆ, ಹಿಂದಿನ ದಿನವೇ, ಗುಡ್ಡದಷ್ಟು ಎಲೆಕೋಸು ಸೀಳಿ, ಉಪ್ಪಿನಲ್ಲಿ ನೆನೆಹಾಕಿ, ತಣ್ಣೀರಿನಲ್ಲಿ ತೊಳೆದು, ಮೂಲಂಗಿ ಹೆರೆದು, ಮಸಾಲೆ ಕಲಸಿಡುವುದು ಕೇರಿಯ ಹೆಂಗಸರು. ಅವರ ಫೋಟೋ ಯಾರೂ ತೆಗೆಯುವುದಿಲ್ಲ. ಈ ಸಲ ಕೈ ಕಡಿಮೆ ಬಿದ್ದಿತ್ತು. ಕೇರಿಯ ಬೊಕ್ಸುನ್ ಆಂಟಿ ಮೆಟ್ಟಿಲ ಮೇಲೆ ಸಿಕ್ಕ ಹೊಸ ಹೆಂಗಸನ್ನು, "ಖಾಲಿ ಇದೀಯೇನಮ್ಮಾ? ಓದುಮನೇಲಿ ಕೋಸು ತೊಳೀಬೇಕು ಬಾ," ಅಂತ ಕರೆದಳು. ಮಗಳಿಗೆ ಇಷ್ಟು ವರ್ಷ ಅನ್ನ ಹಾಕಿದ ಜಾಗ. ಮಿರಾನ್ ಎರಡು ಮಾತಾಡದೆ ಹೊರಟಳು, ಶನಿವಾರ ಅಡುಗೆಗೂ ಬಡಿಸುವುದಕ್ಕೂ ಬರುತ್ತೇನೆಂದಳು. ಇಸುಲ್‌ಗೆ ಹೇಳಲಿಲ್ಲ. ಪರೀಕ್ಷೆ ಅಂದಿದ್ದಾಳಲ್ಲ, ಯಾಕೆ ತಲೆ ಕೆಡಿಸುವುದು, ಆಮೇಲೆ ಹೇಳಿದರೆ ಖುಷಿಪಡುತ್ತಾಳೆ ಅಂದುಕೊಂಡಳು ಪಾಪ.

ಶನಿವಾರ. ಚರ್ಚಿನ ಅಂಗಳದಲ್ಲಿ ಫೋಟೋಗಳೆಲ್ಲ ಮುಗಿದು, ಕೈಗವಸು ಕಳಚಿ, ದಾನಿಗಳು ಒಳಗೆ ಬಂದು ಕೂತರು. ಕೆಂಪಗಾದ ಕೈಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು, "ಅಬ್ಬಬ್ಬಾ, ಬಡವರ ಕೆಲಸ ಸುಲಭ ಅಲ್ಲಪ್ಪ," ಅಂದರು. ಪುಟಾಣಿಗಳು ಹಾಡು ಹೇಳಿದರು. ಒಂದು ಮಗು ನಡುವೆ ಆಕಳಿಸಿತು. ಆಮೇಲೆ ಕ್ವೊನ್ ಟೀಚರ್ ಇಸುಲ್‌ಳ ಹೆಸರು ಕರೆದರು. ಮೆಂಗ್ ಯಜಮಾನ್ತಿ, ಮೀನುಬಲೆ ವ್ಯಾಪಾರಿಗಳ ಸಂಘದ ಅಧ್ಯಕ್ಷರ ಹೆಂಡತಿ, ಪಕ್ಕದವಳ ತೊಡೆ ತಟ್ಟಿ, "ಇವಳೇ, ಇವಳೇ," ಅಂತ ಪಿಸುಗುಟ್ಟಿ ಕರವಸ್ತ್ರ ಬಿಚ್ಚಿಟ್ಟುಕೊಂಡಳು.

ರಜಾದಿನವಾದರೂ ಟೀಚರ್ ಹೇಳಿದ್ದಕ್ಕೆ ಶಾಲೆಯ ಸಮವಸ್ತ್ರ ತೊಟ್ಟಿದ್ದಳು ಇಸುಲ್. ಶುರುಮಾಡಿದಳು. ಅಪ್ಪ ಸತ್ತದ್ದು, ಮನೆಯಲ್ಲಿ ಅಕ್ಕಿ ಮುಗಿದದ್ದು. ಬಾಯಿ ತಾನಾಗಿಯೇ ಹೇಳಿಕೊಂಡು ಹೋಗುತ್ತಿತ್ತು. ಮನಸ್ಸು ಬೇರೆ ಕಡೆ ಇತ್ತು: ಇನ್ನು ಸ್ವಲ್ಪ ಹೊತ್ತು, ಮುಗಿಯಿತು, ಮನೆಗೆ ಹೋಗಿ ಕರೆಯುತ್ತೇನೆ.

"ಆ ದಿನ ಅಮ್ಮ ನನ್ನ ಕೈಗೆ ಒಂದು ಚೀಲ ಕಿತ್ತಳೆ ಕೊಟ್ಟಳು," ಅಂದಳು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಬೇಯಿಸಿದ ಹಂದಿಮಾಂಸದ ತಟ್ಟೆಗಳನ್ನು ಹಿಡಿದು ಅಡುಗೆಮನೆಯ ಹೆಂಗಸರು ಸದ್ದಿಲ್ಲದೆ ಬಂದು ಗೋಡೆಗೆ ಒರಗಿ ನಿಂತರು. ತಲೆಗೆ ಬಟ್ಟೆ, ತೋಳಿನವರೆಗೂ ಮಸಾಲೆ. ಎರಡನೆಯವಳು ಮಿರಾನ್.

ಪರೀಕ್ಷೆಯ ಮಾತನ್ನೇ ಮರೆತು ಮಿರಾನ್ ನಗುತ್ತಿದ್ದಳು. ಮಗಳು ಇಷ್ಟು ಜನರ ಮುಂದೆ ಮೈಕಿನಲ್ಲಿ ಮಾತಾಡುತ್ತಿದ್ದಾಳೆ, ಯಾವ ತಾಯಿ ನಗುವುದಿಲ್ಲ? ಅದು ತನ್ನ ಕಥೆಯೆಂದು ಅವಳಿಗೆ ಮೊದಲು ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ, ಅವಳು ಕಿತ್ತಳೆ ಕೊಟ್ಟೇ ಇರಲಿಲ್ಲವಲ್ಲ.

ಇಸುಲ್‌ಳ ನಾಲಿಗೆ ಒಂದು ಕ್ಷಣ ಕಚ್ಚಿಕೊಂಡಿತು. ಸಭೆಯವರು ಅದನ್ನು ದುಃಖ ಅಂದುಕೊಂಡರು. ಯಾರೋ "ಅಯ್ಯೋ ಕಂದಾ" ಅಂದರು. ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಹೊಟ್ಟೆನೋವು ಅಂತ ಇಳಿದು ಹೋಗಬಹುದಿತ್ತು. ಟೀಚರ್ ಮೂಲೆಯಲ್ಲಿ ನಿಂತು, ಮುಂದೆ ಹೇಳು ಅಂತ ಗದ್ದ ಆಡಿಸಿದರು.

ಆಗ ಇಸುಲ್‌ಗೆ ಸಿಟ್ಟು ಬಂತು. ಎಲ್ಲಿತ್ತೋ ಅಷ್ಟು ದಿನ, ಕಾಲುಚೀಲ ಬೆಚ್ಚಗಾಗುತ್ತಿದ್ದಾಗ ಎಲ್ಲಿ ಅಡಗಿತ್ತೋ, ಧಗ್ಗನೆ ಬಂತು. ಬಂದದ್ದೇನೋ ಬಂದೆ, ಇವತ್ತೇ ಬರಬೇಕಿತ್ತೇ? ಬರಬೇಕಾಗಿದ್ದ ದಿನ ಒಂದೂ ಬರಲಿಲ್ಲ, ಬರಬಾರದಿದ್ದ ಒಂದೇ ಒಂದು ದಿನ ಬಂದು ತಟ್ಟೆ ಹಿಡಿದು ನಿಂತಿದ್ದೀಯಲ್ಲ. ಮತ್ತೆ ಆ ಕಿತ್ತಳೆ! ಕಥೆಯ ಅಮ್ಮನಾದರೂ ಹೋಗುವಾಗ ಕೈಗೆ ಏನೋ ಕೊಟ್ಟಳು, ಸುಳ್ಳೋ ನಿಜವೋ ಬರುತ್ತೇನೆ ಅಂದಳು. ನೀನು ಮಲಗಿದ್ದ ಮಗುವಿನ ಹೊದಿಕೆಯನ್ನೂ ಸರಿಮಾಡಲಿಲ್ಲ.

ಅವಳು ಹೇಳಿದಳು. ಹಿಂದೆ ಯಾವ ವರ್ಷವೂ ಹೇಳದ ಹಾಗೆ ಹೇಳಿದಳು, ಗೋಡೆಗೊರಗಿದ ಆ ಮುಖವನ್ನೇ ನೋಡಿಕೊಂಡು. ಒಂದೊಂದೇ ಹಣ್ಣು ಸುಲಿದದ್ದು, ಹೊಟ್ಟೆ ಉರಿದರೂ ನುಂಗಿದ್ದು, ಸಿಪ್ಪೆ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತದ್ದು. ಮಿರಾನ್‌ಳ ಮುಖದಲ್ಲಿ ನಗು ಇನ್ನೂ ಇತ್ತು, ಇಳಿಸಿಕೊಳ್ಳಲು ಮರೆತ ಹಾಗೆ. ಆದರೆ ಕಣ್ಣು ನಗುತ್ತಿರಲಿಲ್ಲ. ಕೈಯಲ್ಲಿದ್ದ ತಟ್ಟೆ ವಾಲಿ ಮಾಂಸದ ತುಂಡೊಂದು ನೆಲಕ್ಕೆ ಬಿತ್ತು. ಬೊಕ್ಸುನ್ ಆಂಟಿ ಮೊಣಕೈಯಿಂದ ತಿವಿದಳು.

ಕೊನೆಯಲ್ಲಿ ಮೆಂಗ್ ಯಜಮಾನ್ತಿ ಪ್ರತಿವರ್ಷ ಒಂದು ಪ್ರಶ್ನೆ ಕೇಳುತ್ತಿದ್ದಳು. ಈ ವರ್ಷವೂ ಎದ್ದು ನಿಂತು, ಮೂಗು ಕಟ್ಟಿದ ದನಿಯಲ್ಲಿ ಕೇಳಿದಳು: "ನಿಮ್ಮಮ್ಮ ಇವತ್ತು, ಈಗ, ಈ ಬಾಗಿಲಲ್ಲಿ ಬಂದು ನಿಂತ್ರೆ ಏನು ಹೇಳ್ತೀಯೇ ಮಗಾ?"

ಬೇಗ ಬಾ ಅಮ್ಮ, ನಾನಿನ್ನೂ ಕಾಯ್ತಿದೀನಿ ಅನ್ನುವುದು ಟೀಚರ್ ಕಲಿಸಿದ ಉತ್ತರ.

"ಕಿತ್ತಳೆ ಮುಗಿದು ಎಷ್ಟೋ ವರ್ಷ ಆಯ್ತು, ಈಗ ಬೇಡ ಅಂತೀನಿ," ಅಂದಳು ಇಸುಲ್.

ಟೀಚರ್ ಗಾಬರಿಯಾಗಿ ತಲೆ ಎತ್ತಿದರು. ಆದರೆ ಸಭೆ ಪೂರ್ತಿ ಕರವಸ್ತ್ರದಲ್ಲಿತ್ತು. ಗಂಡಸರೂ ಅಳುತ್ತಿದ್ದರು. ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಎಲ್ಲರೂ ತಟ್ಟುವಾಗ ಒಬ್ಬಳು ಸುಮ್ಮನೆ ನಿಂತರೆ ಎದ್ದು ಕಾಣುತ್ತದೆ. ಮಿರಾನ್ ತಟ್ಟೆಯನ್ನು ಕೆಳಗಿಟ್ಟು ತಾನೂ ಚಪ್ಪಾಳೆ ತಟ್ಟಿದಳು.

ಆಮೇಲೆ ಊಟ. ಹೊಸ ಕಿಮ್ಚಿಯ ದಿನ ಎಲೆಕೋಸಿನ ಒಳಗಿನ ಎಳೆಯ ಎಲೆಯಲ್ಲಿ ಬಿಸಿ ಮಾಂಸ, ಮಸಾಲೆ ಇಟ್ಟು ಸುತ್ತಿ, ಒಬ್ಬರು ಇನ್ನೊಬ್ಬರ ಬಾಯಿಗೆ ಕೈಯಾರೆ ತುತ್ತು ಕೊಡುವುದು ರೂಢಿ. ಮೆಂಗ್ ಯಜಮಾನ್ತಿ ಇಸುಲ್‌ಳನ್ನು ಬಿಡದೆ ಪಕ್ಕದಲ್ಲೇ ಕೂರಿಸಿಕೊಂಡಳು, ಕೈ ಹಿಸುಕುತ್ತಿದ್ದಳು. ಮಾಂಸ ಬಡಿಸಲು ಬಂದ ಹೆಂಗಸನ್ನು ನೋಡಿ ತಡೆದಳು.

"ನೀನೂ ಕೇಳಿದೆ ತಾನೇ? ನೀನೂ ಮಕ್ಕಳ ತಾಯಿನೇ ಇರಬೇಕು, ನೀನೇ ಹೇಳು. ಅವಳೆಂಥ ಹೆಂಗಸು? ನಾಯಿಯಾದ್ರೂ ಮರಿ ಬಿಟ್ಟು ಹೋಗತ್ತಾ?"

ಮಿರಾನ್ ತಟ್ಟೆ ಇಳಿಸಿದಳು. "ಇಲ್ಲ ಯಜಮಾನ್ತಿ," ಅಂದಳು. "ಅಂಥವಳು ಮನುಷ್ಯಳೇ ಅಲ್ಲ."

"ನೋಡಿದ್ಯಾ ಕಂದಾ? ಎಲ್ಲಾರೂ ನಿನ್ನ ಕಡೆ ಇದೀವಿ."

ಅಷ್ಟರಲ್ಲಿ ಪುಟಾಣಿಯೊಂದು ಮಿರಾನ್‌ಳ ಮುಖ ಗುರುತು ಹಿಡಿದು, ಬಾಯಿತುಂಬ ಅನ್ನ ಇಟ್ಟುಕೊಂಡೇ ಕೂಗಿಬಿಟ್ಟಿತು: "ಇಸುಲಕ್ಕಾ, ನಿಮ್ಮಮ್ಮ ಬಂದಿದಾರೆ!"

ಊಟದ ಸದ್ದು ನಿಂತಿತು. ಟೀಚರ್ ಚಾಪ್‌ಸ್ಟಿಕ್ ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. "ಏನಂತು ಮಗು?" ಅಂತ ಯಜಮಾನ್ತಿ ಸುತ್ತ ನೋಡಿದಳು. ಹಾನ್‌ಗ್ಯಲ್ ಮೂರೂ ಬಿಟ್ಟವನಾದರೂ ಹಸಿವು ಗೊತ್ತಿದ್ದವನು. ಎದ್ದು ನಿಂತು ಬಾಗಿಲ ಹತ್ತಿರ ಪೇರಿಸಿದ್ದ ಪೆಟ್ಟಿಗೆಗಳ ಕಡೆ ಕೈ ತೋರಿಸಿದ.

"ಕಿತ್ತಳೆ ಬಂತು ಅಂತ ಅರ್ಥ, ಯಜಮಾನ್ತಿ. ಕಿತ್ತಳೆ ಪೆಟ್ಟಿಗೆ ಬಂದಾಗೆಲ್ಲ ನಾವು ಹಂಗೇ ಅನ್ನೋದು. ಇಸುಲ್ ಅಮ್ಮ ಬಂದ್ರು ಅಂತ."

"ಅಯ್ಯಯ್ಯೋ, ಹಣ್ಣನ್ನೇ ಅಮ್ಮ ಅನ್ಕೋತಾವಲ್ರೀ!" ಯಜಮಾನ್ತಿ ಮತ್ತೆ ಅತ್ತಳು, ಈ ಸಲ ಜೋರಾಗಿ. ಟೀಚರ್ ಮಾತ್ರ ಅಳಲಿಲ್ಲ. ಅವರು ಬಡಿಸುತ್ತಿದ್ದವಳ ಮುಖ ನೋಡಿದರು, ಇಸುಲ್‌ಳ ಮುಖ ನೋಡಿದರು, ಮೂಗು ಗಲ್ಲ ಎರಡೂ ಒಂದೇ ಅಚ್ಚು. ತಲೆ ತಗ್ಗಿಸಿ ಅನ್ನ ಕೆದಕಿದರು.

"ಏ ಆಂಟಿ," ಅಂದಳು ಯಜಮಾನ್ತಿ ಮಿರಾನ್‌ಗೆ, "ನಿನ್ನ ಕೈಲಿ ಒಂದು ತುತ್ತು ಸುತ್ತಿ ಈ ಕೂಸಿನ ಬಾಯಿಗಿಡು. ತಾಯಿ ಕೈತುತ್ತು ಕಾಣದ್ದು. ಫೋಟೋದವನೇ, ಬಾರಪ್ಪ ಇಲ್ಲಿ."

ಮಿರಾನ್ ಎಲೆ ಬಿಡಿಸಿದಳು. ಮಾಂಸ ಇಟ್ಟಳು, ಮಸಾಲೆ ಇಟ್ಟಳು, ಒಂದು ಎಸಳು ಬೆಳ್ಳುಳ್ಳಿ ಆರಿಸಿ ಪಕ್ಕಕ್ಕಿಟ್ಟಳು. ಇಸುಲ್ ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಅವಳು ಈ ನವೆಂಬರಿನಲ್ಲಿ ಕಲಿತಿದ್ದಳು. ತುತ್ತು ಮಗಳ ಬಾಯಿಯ ಹತ್ತಿರ ಬಂತು. ಇಸುಲ್ ಬಾಯಿ ತೆರೆದಳು.

"ಇನ್ನೊಂದ್ಸಲ," ಅಂದ ಫೋಟೋದವನು. "ಆಂಟಿ, ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ, ಯಜಮಾನ್ತಿ ಕಾಣಿಸ್ತಿಲ್ಲ. ಕೈ ಮಾತ್ರ ಬಂದ್ರೆ ಸಾಕು."

ಇನ್ನೊಂದು ತುತ್ತು ಸುತ್ತಿಯಾಯಿತು. ಇಸುಲ್ ಅದನ್ನೂ ಅಗಿದು ನುಂಗಿದಳು. ಯಜಮಾನ್ತಿ ಅವಳ ಬೆನ್ನು ಸವರಿ, "ಹೇಳಮ್ಮ, ಥ್ಯಾಂಕ್ಸ್ ಹೇಳು," ಅಂದಳು.

ಇಸುಲ್ ಮಿರಾನ್‌ಳ ಕಣ್ಣು ನೋಡಿದಳು. ಇಷ್ಟು ದಿನ ಏನೂ ಕರೆಯದೆ ಉಳಿಸಿಕೊಂಡು ಬಂದಿದ್ದಳಲ್ಲ, ಈಗ ಕರೆದಳು.

"ಥ್ಯಾಂಕ್ಸ್, ಆಂಟಿ."

ಮಿರಾನ್ ತಲೆಯಾಡಿಸಿ, ಖಾಲಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ಕೆಂಪು ಕೈಗವಸು ತೊಳೆದು ನಲ್ಲಿಯ ಮೇಲೆ ಒಣಹಾಕಿ ಹೋಗಿದ್ದಳು.

ದಾನಿಗಳೆಲ್ಲ ಹೋದ ಮೇಲೆ ಕ್ವೊನ್ ಟೀಚರ್ ಒಂದು ಡಬ್ಬಿ ತುಂಬ ಕಿಮ್ಚಿ, ಮೇಲೊಂದಿಷ್ಟು ಮಾಂಸ ಕಟ್ಟಿ ಇಸುಲ್‌ಳ ಕೈಗೆ ಕೊಟ್ಟರು. ಅವಳ ಕಣ್ಣು ತಪ್ಪಿಸಿ ಡಬ್ಬಿಯ ಗಂಟನ್ನೇ ಬಿಗಿ ಮಾಡುತ್ತಿದ್ದರು.

"ಎರಡು ವರ್ಷಕ್ಕೆ ಒಪ್ಪಿದಾರೆ," ಅಂದರು. "ಊಟ ನಿಲ್ಲಲ್ಲ." ಗಂಟನ್ನು ಇನ್ನೊಮ್ಮೆ ಎಳೆದು, "ಅವರಿಗೂ ಕೊಡು. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ," ಅಂದರು.

ಇಸುಲ್ ಡಬ್ಬಿ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು. ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ, ಆಮೇಲೆ ಓಡಿಕೊಂಡೇ. ಸಿಟ್ಟು ಬಂದ ಹಾಗೇ ಹೋಗಿತ್ತು, ಬರೀ ಭಯ ಉಳಿದಿತ್ತು. ಬಾಗಿಲು ತೆಗೆದ ತಕ್ಷಣ ಕರೆಯಬೇಕು, ಬೇರೆ ಏನೂ ಹೇಳಬಾರದು, ಅದೊಂದೇ ಮಾತು. ಏದುಸಿರಿನ ನಡುವೆ ಅದನ್ನೇ ಹೇಳಿಕೊಂಡು ಓಡಿದಳು, ಅಮ್ಮ, ಅಮ್ಮ, ಅಮ್ಮ. ಕೆಳಗಿಳಿಯುತ್ತಿದ್ದ ಮುದುಕನೊಬ್ಬ ಗೋಡೆಗೆ ಸರಿದು ಅವಳನ್ನೇ ನೋಡಿದ.

ಹೊಸಲಿನಲ್ಲಿ ಅಜ್ಜಿಯ ಚಪ್ಪಲಿ ಮಾತ್ರ ಇತ್ತು. ಬಾಗಿಲ ಹತ್ತಿರದ ಹಾಸಿಗೆ ಮಡಿಚಿ ಗೋಡೆಗೆ ಆನಿಸಿತ್ತು. ನೆಲದ ಮೇಲೆ ಕಿತ್ತಳೆ ತುಂಬಿದ ಕಪ್ಪು ಪ್ಲಾಸ್ಟಿಕ್ ಚೀಲ.

"ಹೋದ್ಲು," ಅಂದಳು ಅಜ್ಜಿ. ಕಾಲು ಚಾಚಿ ಕೂತು ಟಿವಿ ನೋಡುತ್ತಿದ್ದಳು. "ನಾನೇಳಿರ್ನಿಲ್ವಾ? ಬಟ್ಟೆ ಗಂಟು ಕಟ್ಕೊಂಡು ಹೋದ್ಲು. ಈ ಸತಿ ಯೇಳಿಯಾದ್ರೂ ಹೋದ್ಲು ಬಿಡು."

"ಏನಂದ್ರು?"

"ಏನೋ ತಲೆಕೆಟ್ಟ ಮಾತು. ಇದ್ನ ನಿಂಗೆ ಕೊಡ್ಬೇಕಂತೆ. ಇದ್ನ ತಿಂದು ಮುಗ್ಸೋದ್ರೊಳಗೆ ಬತ್ತೀನಿ ಅಂತ ಯೇಳ್ಬೇಕಂತೆ. ಇದ್ನ ತಿನ್ನೋಕೆ ಎಷ್ಟೊತ್ತಾಯ್ತದೆ, ನಂಗೇನು ಅರ್ಥಾಗ್ನಿಲ್ಲ."

ಇಸುಲ್ ಕೋಟು ಬಿಚ್ಚಲಿಲ್ಲ. ಡಬ್ಬಿ ಪಕ್ಕಕ್ಕಿಟ್ಟು ಹೊಸಲಿನ ಹತ್ತಿರವೇ ಕೂತು, ಚೀಲಕ್ಕೆ ಕೈ ಹಾಕಿ, ಒಂದು ಹಣ್ಣು ಸುಲಿದು ಬಾಯಿಗಿಟ್ಟುಕೊಂಡಳು. ಇನ್ನೊಂದು ಸುಲಿದಳು. ಇದು ಕ್ವೊನ್ ಟೀಚರ್ ಕಟ್ಟಿದ ಕಥೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟೀಚರ್ ಕೋಣೆಯ ತಟ್ಟೆ, ಅದರಲ್ಲಿದ್ದ ಹಣ್ಣು, ಎಲ್ಲ ಕಣ್ಣ ಮುಂದಿತ್ತು. ಆದರೂ ತಿಂದಳು. ಸಿಪ್ಪೆ ಮಡಿಲಿಗೆ ಬೀಳುತ್ತಿತ್ತು. ಹೊರಗೆ 'ಟಕ್ ಟಕ್' ಅಂತ ಯಾರೋ ಮೆಟ್ಟಿಲು ಹತ್ತಿದರು. ಅಗಿಯುವುದನ್ನು ನಿಲ್ಲಿಸಿ ಕೇಳಿದಳು. ಮುಂದಕ್ಕೆ ಹೋದರು. ಮತ್ತೆ ಸುಲಿದಳು.

"ನಿಧಾನ್ವಾಗಿ ತಿನ್ನೇ, ಬರಗೆಟ್ಟೋಳೆ. ಯಾರು ಕಿತ್ಕೊತಾರೆ?"

ಹುಳಿ ಎದೆಗೇರಿತು, ಹೊಟ್ಟೆ ನಿಜವಾಗಿಯೂ ನೋಯತೊಡಗಿತು. ಕಥೆಯಲ್ಲಿ ಇಷ್ಟು ನೋವಿರಲಿಲ್ಲ. ಕಿಟಕಿಯಾಚೆ ಬಂದರಿನ ದೀಪಗಳು ಹತ್ತಿಕೊಂಡವು. ಚೀಲದಲ್ಲಿ ಕೊನೆಗೆ ಒಂದೇ ಒಂದು ಉಳಿಯಿತು. ಅದನ್ನು ಅಂಗೈಯಲ್ಲಿ ಹಿಡಿದು ಕೂತಳು, ಸುಲಿಯಲಾರದೆ. ಅದೂ ಮುಗಿದರೆ ಕಾಯುವುದಕ್ಕೆ ಏನೂ ಇರುವುದಿಲ್ಲ. ಮುಗಿಯದಿದ್ದರೆ ಅವಳು ಬರುವ ಹಾಗಿಲ್ಲ.

ಅಜ್ಜಿ ಟಿವಿ ಆರಿಸಿ, ಮೊಣಕಾಲ ಮೇಲೆ ಕೈಯೂರಿ ಎದ್ದು ಬಂದಳು. ಮೊಮ್ಮಗಳ ಕೈಯಿಂದ ಹಣ್ಣು ತೆಗೆದುಕೊಂಡು, ಉಗುರಿನಿಂದ ಸೀಳಿ ಸುಲಿದು, ಇಡಿಯಾಗಿ ಬಾಯಿಗೆ ಹಾಕಿಕೊಂಡಳು.

"ಹುಳಿ," ಅಂದಳು ಅಗಿಯುತ್ತಾ. "ಕೊನೆಗೂ ಅಗ್ಗದ್ನೇ ತಂದವ್ಳೆ."